ಒಂಬತ್ತನೇ ನಂಬರಿನ ಕಾಗದ

ಮನೆಯಿಂದ,
ಗುರುವಾರ, ಬೆಳಗ್ಗೆ ಆರೂವರೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತಾ? ನಿಮ್ಮನ್ನು ಪೊಲೀಸ್ ವಸತಿಯಿಂದ ಹೊರಗೆ ಬಿಡುತ್ತಿಲ್ಲ, ಫೋನುಗಳನ್ನೂ ಕಿತ್ತಿಟ್ಟುಕೊಂಡಿದ್ದಾರೆ ಎಂದು ಅಲ್ಲಿ ಅಡುಗೆ ಮಾಡುವ ಅಕ್ಕ ಹೇಳಿದರು. ಏಳೂವರೆಗೆ ಅವರು ನಮ್ಮ ಬೀದಿಯಲ್ಲಿ ಹಾದುಹೋಗುವಾಗ ಇದನ್ನು ಅವರ ಕೈಗೆ ಕೊಡುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಬೇಕು, ಬರೆದೆ ಅಂದುಕೋ.

ಈಗಷ್ಟೇ ಅಜ್ಜಿ ಎರಡೂ ಕೈಯಲ್ಲಿ ಲೋಟ ಹಿಡಿದು ಹಾಲು ಕುಡಿಯುತ್ತಿದ್ದಳು. ಅವಳ ಹತ್ತು ಉಗುರುಗಳೂ ಸ್ವಚ್ಛವಾಗಿದ್ದವು. ಪ್ರತಿ ಸಲ ವೋಟು ಹಾಕಿ ಬಂದ ಮೇಲೆ ಆ ಶಾಯಿಯ ಗುರುತನ್ನು ತಿಂಗಳುಗಟ್ಟಲೆ ಜೋಪಾನ ಮಾಡುತ್ತಿದ್ದವಳು, ಪಾತ್ರೆ ತಿಕ್ಕುವಾಗಲೂ ಆ ಬೆರಳನ್ನು ಎತ್ತಿ ಹಿಡಿಯುತ್ತಿದ್ದವಳು. ಸೋಮವಾರ ವೋಟು ಹಾಕಲು ಅವಳು ಶಾಲೆಯ ಗೇಟಿನವರೆಗೂ ಬಂದಿದ್ದಳು. ಸಾಲಿನಲ್ಲಿ ನಿಂತಿದ್ದಳು. ಆಮೇಲೆ ಕೋಲೂರಿಕೊಂಡು ವಾಪಸು ಹೋದದ್ದನ್ನು ನಾನು ಒಳಗಿನ ಮೇಜಿನಿಂದ ನೋಡಿದೆ. ನೀನೂ ನೋಡಿದೆ. ಸಂಜೆ ಅವಳು ನನಗೆ ಹೇಳಿದ್ದು ಇಷ್ಟು: “ಬಾಗಿಲಲ್ಲಿ ಯಾವನೋ ಬಂದೂಕು ಹಿಡ್ಕೊಂಡು ನಿಂತಿದ್ದ ಕಣೇ. ಕಣ್ಣು ಕೂಡ ಮಿಟುಕಿಸ್ತಿರ್ಲಿಲ್ಲ. ಎದೆ ಝಲ್ ಅಂತು, ಬಂದ್ಬಿಟ್ಟೆ.” ಹೆಲ್ಮೆಟ್ಟಿನೊಳಗೆ ಇದ್ದವನು ತಾನು ಎತ್ತಿ ಆಡಿಸಿದ ಮೊಮ್ಮಗ ಎಂದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ಅಣ್ಣಾ, ನಾನು ಹೇಳದೆ ಉಳಿದದ್ದು ಅದೊಂದೇ ಅಲ್ಲ. ಚುನಾವಣೆ ಕೆಲಸಕ್ಕೆ ಕೊಟ್ಟ ಕೈಪಿಡಿಯನ್ನು ಪೂರ್ತಿ ಓದಿದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಸಾಹಿತ್ಯ ಓದಿದವರಿಗೆ ಇರುವ ರೋಗ ಅದು, ಔಷಧಿ ಬಾಟಲಿಯ ಚೀಟಿಯನ್ನೂ ಬಿಡುವುದಿಲ್ಲ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ಮತಗಟ್ಟೆಯ ಮುಖ್ಯಾಧಿಕಾರಿ ಬರೆದು ಕರೆಯದ ಹೊರತು ಆಯುಧ ಹಿಡಿದ ಯಾರೂ ಒಳಗೆ ಬರುವಂತಿಲ್ಲ ಎಂದು ನಲವತ್ತೊಂದನೇ ಪುಟದಲ್ಲಿದೆ. ನಿಮ್ಮ ಇನ್‌ಸ್ಪೆಕ್ಟರು ಬೆಳಗ್ಗೆ ಏಳಕ್ಕೆ, “ಒಳಗೇ ನಿಂತ್ಕೊಳ್ರೋ. ನಿಮ್ಮ ಮುಖ ನೋಡಿದ್ರೆ ಗಲಾಟೆ ಮಾಡೋರೂ ತೆಪ್ಪಗಿರ್ತಾರೆ” ಅಂದಾಗ ಆ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಗಲಾಟೆ ಮಾಡುವವರು ಒಬ್ಬರೂ ಇರಲಿಲ್ಲ. ನಾನು ಆ ಪುಟ ತೆರೆದು ತೋರಿಸಲಿಲ್ಲ. ನಮ್ಮ ಮುಖ್ಯಾಧಿಕಾರಿಯಾಗಿದ್ದ ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತಾ ಕೂತರು. ಗೇಟಿನಿಂದ ಇಣುಕಿ ನೋಡಿದವರು ಒಬ್ಬೊಬ್ಬರಾಗಿ ತಿರುಗಿ ಹೋದರು. ಮಧ್ಯಾಹ್ನದ ಹೊತ್ತಿಗೆ ನಾನು ನೊಣ ಹೊಡೆಯುತ್ತಾ ಕೂತಿದ್ದೆ.

ಮೂರು ಗಂಟೆಗೆ ಒಬ್ಬ ಅಭ್ಯರ್ಥಿಯ ಏಜೆಂಟರು ಬಂದು, “ಇವರನ್ನ ಒಳಗೆ ಕರೆದೋರು ಯಾರ್ರೀ? ಕಾಗದ ತೋರ್ಸಿ” ಎಂದು ಪಟ್ಟು ಹಿಡಿದರು. ಹೆಡ್‌ಮಾಸ್ಟರು ನನ್ನ ಕಿವಿಯ ಹತ್ತಿರ ಬಂದರು: “ನಿನ್ನ ಅಕ್ಷರ ಮುತ್ತಿನ ಹಾಗಿದೆ ಮಗಳೇ. ಪೊಲೀಸರನ್ನ ನಾನೇ ಒಳಗೆ ಕರೆದೆ ಅಂತ ಎರಡೇ ಸಾಲು ಬರ್ಕೊಡು. ಬೆಳಗ್ಗೆ ಏಳು ಗಂಟೆ ಅಂತ ಹಾಕು.” ಬರೆದುಕೊಟ್ಟೆ. ಬಾಗಿಲ ಕಡೆ ನೋಡಿದೆ, ನೀನು ಅಲ್ಲಿ ನಿಂತಿದ್ದೆ, ಬರೆದುಕೊಟ್ಟೆ. ಆದರೆ ಬೆಳಗಿನಿಂದ ಹೋದ ಪ್ರತಿಯೊಂದು ಕಾಗದಕ್ಕೂ ರಿಜಿಸ್ಟರಿನಲ್ಲಿ ನಂಬರು ಹಾಕುವುದು ನನ್ನ ಕೆಲಸವಾಗಿತ್ತಲ್ಲ, ಕೈ ತನ್ನ ಪಾಡಿಗೆ ಅದಕ್ಕೂ ಒಂದು ಹಾಕಿಬಿಟ್ಟಿತು. ಎಂಟನೆಯದು ಎರಡೂಕಾಲಿಗೆ ಕುಡಿಯುವ ನೀರು ಕೇಳಿದ್ದು. ಹತ್ತನೆಯದು ನಾಲ್ಕು ಗಂಟೆಯ ವರದಿ. ನಡುವೆ ಒಂಬತ್ತನೆಯದಾಗಿ, ಬೆಳಗ್ಗೆ ಏಳರ ಆ ಕಾಗದ.

ಇದು ಹೆಡ್‌ಮಾಸ್ಟರ ಕಣ್ಣಿಗೆ ಬಿದ್ದದ್ದು ನಿನ್ನೆ. ಇಡೀ ರಿಜಿಸ್ಟರನ್ನು ಹೊಸದಾಗಿ ಬರೆದು ಅದನ್ನು ಎರಡನೆಯದಾಗಿಸು ಎಂದು ಹಳೆಯದರ ಜೊತೆ ಖಾಲಿ ಪುಸ್ತಕವೊಂದನ್ನು ತಂದು ಜಗಲಿಯ ಮೇಲೆ ಇಟ್ಟರು. ಆ ಏಜೆಂಟರು ಕೊಟ್ಟ ದೂರಿನ ಮೇಲೆ ಇವತ್ತು ಹನ್ನೊಂದು ಗಂಟೆಗೆ ವಿಚಾರಣೆ. “ಈ ಕಾಗದ ಸುಳ್ಳು ಅಂತಾದ್ರೆ ಇನ್‌ಸ್ಪೆಕ್ಟರು ಕೈ ತೊಳ್ಕೋತಾರೆ. ಹುಡುಗ್ರು ತಾವಾಗೇ ಒಳಗೆ ನುಗ್ಗಿದ್ರು ಅಂತಾರೆ. ನಿಮ್ಮಣ್ಣನ ಕುತ್ತಿಗೆಗೇ ಬರುತ್ತೆ” ಅಂದರು. ಹೆದರಿಸಲು ಹೇಳಿದ್ದಲ್ಲ, ಅವರೇ ಹೆದರಿದ್ದರು. ಅಮ್ಮ ರಾತ್ರಿ ಊಟ ಮಾಡಲಿಲ್ಲ. “ನಾಲ್ಕು ಪುಟ ತಾನೇ, ಬರ್ದುಬಿಡೇ. ನಿನ್ನ ಓದಿಸಿದ್ದು ಅವನಲ್ವಾ?” ಎಂದಳು. ಹೌದು, ನೀನೇ. ನಿನ್ನ ಓದು ನಿಲ್ಲಿಸಿ ಬೂಟು ಹಾಕಿಕೊಂಡು ನನ್ನನ್ನು ಓದಿಸಿದೆ. ಆ ಓದಿನ ಅಕ್ಷರದಿಂದಲೇ ಈಗ ನಿನ್ನನ್ನು ಉಳಿಸು ಎನ್ನುತ್ತಿದ್ದಾರೆ. ಬರೆದರೆ ಅಜ್ಜಿ ತಾನಾಗಿಯೇ ಮನೆಗೆ ಹೋದಳು ಎಂದಾಗುತ್ತದೆ. ಅವಳ ಹಿಂದಿದ್ದ ಅಷ್ಟೂ ಜನರೂ ತಾವಾಗಿಯೇ. ಬರೆಯದಿದ್ದರೆ ನಿನ್ನ ಕೆಲಸ ಹೋಗುತ್ತದೆ, ಕೆಲಸವಷ್ಟೇ ಹೋದರೆ ನಮ್ಮ ಪುಣ್ಯ. ನನಗೆ ದಿಕ್ಕೇ ತೋಚುತ್ತಿಲ್ಲ ಅಣ್ಣಾ. ಏನು ಮಾಡಲಿ, ಹೇಳು. ನಿನ್ನ ಉತ್ತರ ಬರುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಅಜ್ಜಿ ವಾಪಸು ತಿರುಗಿದಾಗ ನಿನ್ನ ಗಂಟಲು ಒಮ್ಮೆ ಮೇಲೆ ಕೆಳಗೆ ಆದದ್ದನ್ನು ನಾನು ನೋಡಿದೆ. ಕರೆಯಬೇಕೆಂದು ಬಾಯಿಗೆ ಬಂದಿತ್ತು, ಅಲ್ಲವಾ? ಅವತ್ತು ನಾವಿಬ್ಬರೂ ಸುಮ್ಮನಿದ್ದೆವು.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನ ಆಶೀರ್ವಾದ ಇದರ ಜೊತೆಗಿದೆ. ಅಜ್ಜಿ ನಿನ್ನನ್ನು ಕೇಳಿದಳು, ಭಾನುವಾರ ಬರುತ್ತಾನಾ ಎಂದು.

ಇಂತಿ ನಿನ್ನ ತಂಗಿ,
ಗೂಬೆ
(ನೀನಿಟ್ಟ ಹೆಸರೇ. ಪಿಳಿಪಿಳಿ ನೋಡುತ್ತೆ, ಮಾತಾಡಲ್ಲ ಅಂತ.)

ಮರೆತೆ, ಅಡುಗೆಯ ಅಕ್ಕ ಆಗಲೇ ಬಾಗಿಲಿಗೆ ಬಂದಿದ್ದಾರೆ. ಹೊಸ ಪುಸ್ತಕ ಇನ್ನೂ ಖಾಲಿ ಇದೆ. ಹಾಗೆಯೇ ವಾಪಸು ಕೊಡುತ್ತೇನೆ. ಹಳೆಯದು ನನ್ನ ಚೀಲದಲ್ಲಿದೆ. ಒಂಬತ್ತನೆಯದನ್ನು ಮೂರು ಗಂಟೆಗೆ ನಾನೇ ಬರೆದೆ ಎಂದು ಹೇಳುತ್ತೇನೆ. ಏಳು ಗಂಟೆಗೆ ಇನ್‌ಸ್ಪೆಕ್ಟರು ಹೇಳಿದ ಮಾತನ್ನೂ ಒಂದಕ್ಷರ ಬಿಡದೆ ಹೇಳುತ್ತೇನೆ. ನಿನ್ನನ್ನು ಕೇಳಿದಾಗ ನೀನೂ ಅದನ್ನೇ ಹೇಳು ಅಣ್ಣಾ, ದಮ್ಮಯ್ಯ. ಒಬ್ಬಳ ಮಾತನ್ನು ಅವರು ನಂಬುವುದಿಲ್ಲ.