ಆರುನೂರ ಹನ್ನೆರಡನೆಯ ಊಟ

ಹಳೇ ಜೈಲು ಹಾಸ್ಟೆಲ್, ನಾಲ್ಕನೇ ಬ್ಯಾರಕ್
ಫೆಬ್ರವರಿ ೩೦, ೨೧೪೮

ವಿಮಲಾಕ್ಷಿ ಮುತ್ತಜ್ಜಿಗೆ ಇಳಾ ಮಾಡುವ ನಮಸ್ಕಾರಗಳು.

ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಮೊದಲು ಸಾರಿ. ನಿಮಗೀಗ ಮೂವತ್ತೂ ತುಂಬಿಲ್ಲ, ಮದುವೆಯೂ ಆಗಿಲ್ಲ. ಯಾರೋ ಮುತ್ತಜ್ಜಿ ಅಂದರೆ ಸಿಟ್ಟು ಬರಬಹುದು. ಸರಿಯಾಗಿ ನೋಡಿದರೆ ನೀವು ನನ್ನ ಮುತ್ತಜ್ಜಿಯ ಅಮ್ಮ, ಅದಕ್ಕೇನು ಕರೀಬೇಕೋ ನನಗೆ ಗೊತ್ತಿಲ್ಲ. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಅರ್ಧ ಇಂಗ್ಲಿಷ್ ಸೇರಿಸದೆ ಬರೆಯಲು ಬರುವುದಿಲ್ಲ. ದಿನಾಂಕ ಮಾತ್ರ ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ.

ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದುಹೋದ ದಿನಕ್ಕೆ ಕಾಗದ ಮುಟ್ಟಿಸುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನ ರೂಮ್‌ಮೇಟ್ ಅದನ್ನು ಅವಳಜ್ಜನಿಗೆ ಪಾಯಸದ ಹದ ಕೇಳೋಕೆ ಖರ್ಚು ಮಾಡಿದಳು. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಈ ಜೈಲಿನಿಂದ ಬಿಡುಗಡೆಯಾಗುವವರನ್ನು ನೋಡಿಕೊಳ್ಳುವ ಆಫೀಸರ್ ನೀವು. ಅರವತ್ತು ಜನರ ಹೆಸರಿನ ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಎತ್ತಿದವರು ನೀವೇ. ಮೂವತ್ತು ಜನಕ್ಕೆ ಎಂದಿನಂತೆ ಬುದ್ಧಿಮಾತು, ಬಸ್ ಚಾರ್ಜು. ಇನ್ನು ಮೂವತ್ತು ಜನಕ್ಕೆ ಒಂದು ಕಸುಬು, ಜೊತೆಗೆ ಸಾವಿರ ದಿನ ಒಂದೇ ಮನೆಯಲ್ಲಿ ಮಧ್ಯಾಹ್ನದ ಊಟ. ಯಾರು ಜೈಲಿಗೆ ಮರಳುತ್ತಾರೆ, ಯಾರು ಮರಳುವುದಿಲ್ಲ ಅಂತ ನೀವಿನ್ನೂ ಎಣಿಸುತ್ತಿದ್ದೀರಿ. ರಿಸಲ್ಟ್ ಹೇಳಿದರೆ ನಿಮ್ಮ ಪ್ರಯೋಗ ಕೆಡುತ್ತದೆ, ಹೇಳುವಂತಿಲ್ಲ. ನಿಮ್ಮ ಜೈಲು ಈಗ ನಮ್ಮ ಹಾಸ್ಟೆಲ್ ಆಗಿದೆ ಅನ್ನುವುದರಿಂದ ನೀವೇ ಊಹಿಸಿಕೊಳ್ಳಿ.

ಸಾವಿರ ದಿನದ ಆ ಊಟವನ್ನು ನಾವು ಸಾವಿರದೂಟ ಅನ್ನುತ್ತೇವೆ. ಅದನ್ನು ಬಡಿಸುವ ಮನೆ ಬೀದಿಗೆ ಒಂದೆರಡು ಇರುತ್ತವೆ. ನಮ್ಮದೂ ಒಂದು. ನಮ್ಮ ಮನೆಗೆ ಬರುವವರು ಕರಿಬಸಪ್ಪ, ಬೀಗ ಒಡೆದು ಮನೆಗಳಿಗೆ ನುಗ್ಗಿ ಎರಡು ಸಲ ಒಳಗಿದ್ದವರು. ಈಗ ಬೀಗ ರಿಪೇರಿ ಅಂಗಡಿಯಲ್ಲಿದ್ದಾರೆ. ಒಂದು ಗಂಟೆಗೆ ಸರಿಯಾಗಿ ಚಪ್ಪಲಿ ಬಿಟ್ಟು "ಅಕ್ಕಾ" ಅನ್ನುತ್ತಾರೆ. ಅಂಚು ಸೊಟ್ಟಗಾದ ಅವರ ತಟ್ಟೆಯನ್ನು ಅಮ್ಮ ಬೇರೆ ಯಾರಿಗೂ ಕೊಡುವುದಿಲ್ಲ. ಅವರಿಗೆ ಬದನೆಕಾಯಿ ಆಗಲ್ಲ ಅಂತ ಅಮ್ಮನಿಗೆ ಗೊತ್ತು. ನನಗೂ ಆಗಲ್ಲ ಅಂತ ಗೊತ್ತಿಲ್ಲ. ಹಿಂದೆ ಒಮ್ಮೆ ನನ್ನ ಟ್ರಂಕಿನ ಬೀಗ ಕಚ್ಚಿಕೊಂಡಾಗ ಅವರು ಕೈ ಕಟ್ಟಿಕೊಂಡು ನಿಂತು "ತೆಗೀಲಾ ಪುಟ್ಟೀ? ನೀನು ಹೂಂ ಅಂದ್ರೆ ಮಾತ್ರ" ಅಂದರು. ಅಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕಿದ್ದಿಲ್ಲ.

ಹೊಟ್ಟೆಕಿಚ್ಚು ಮುತ್ತಜ್ಜಿ, ಬೇರೆ ಹೆಸರು ಯಾಕೆ ಕೊಡಲಿ. ಕಳ್ಳತನ ಮಾಡಿ ಜೈಲಿಗೆ ಹೋದವರಿಗೆ ದಿನಾ ನಮ್ಮಮ್ಮನ ಕೈಯೂಟ. ಮೆರಿಟ್‌ನಲ್ಲಿ ಸೀಟು ತಗೊಂಡ ನನಗೆ ಈ ಹಳೇ ಜೈಲಿನಲ್ಲಿ ತಣ್ಣನೆಯ ಉಪ್ಪಿಟ್ಟು. ಹಾಸ್ಟೆಲಿಗೆ ಅಮ್ಮ ಈ ವರ್ಷ ಬಂದದ್ದು ಒಂದೇ ಸಲ, ಅದೂ ಮಧ್ಯಾಹ್ನದೊಳಗೆ ವಾಪಸ್. "ಕರಿಬಸಣ್ಣ ಕಾಯ್ತಿರ್ತಾನೆ ಕಣೇ" ಅಂದಳು.

ಮೊನ್ನೆ ಇಪ್ಪತ್ತೆಂಟಕ್ಕೆ ಒಂದು ದಿನದ ರಜೆ ಸಿಕ್ಕಿತು. ಒಂದು ಊಟ, ಒಂದೇ ಒಂದು, ನಾವಿಬ್ಬರೇ ಕೂತು ಉಣ್ಣೋಣ ಅನ್ನಿಸಿತು. ಅಮ್ಮ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಬಾಗಿಲಿಗೆ ಬಂದ ಕರಿಬಸಪ್ಪನವರಿಗೆ ನಾನೇ ಅಡ್ಡ ನಿಂತು, "ಅಮ್ಮ ಇಲ್ಲ. ಇವತ್ತು ಊಟ ಇಲ್ಲ" ಅಂದೆ. ಸಾಸಿವೆ ಸಿಡಿಯುವ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಆಗ್ಲಿ ಬಿಡವ್ವ, ನೀನು ಉಣ್ಣು" ಅಂದು ಚಪ್ಪಲಿ ಮೆಟ್ಟಿ ಹೋದರು. ಅದು ಅವರ ಆರುನೂರ ಹನ್ನೆರಡನೆಯ ಊಟ ಆಗಬೇಕಿತ್ತು. ಒಗ್ಗರಣೆ ಮುಗಿಸಿ ಬಂದ ಅಮ್ಮ ಎರಡು ಗಂಟೆಯವರೆಗೂ ಬಾಗಿಲು ನೋಡುತ್ತಾ ಕೂತಳು. ನಾವಿಬ್ಬರೂ ಆರಿದ ಅನ್ನ ಉಂಡೆವು.

ಅವರ ಊಟ ತಪ್ಪಿ ಇವತ್ತಿಗೆ ಮೂರು ದಿನ. ಅವರು ನಮ್ಮ ಮನೆಗೂ ಬಂದಿಲ್ಲ, ಅಂಗಡಿಗೂ ಹೋಗಿಲ್ಲ. ಹಳೇ ಸ್ನೇಹಿತರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾರಂತೆ. ಬೆಳಿಗ್ಗೆ ಅಮ್ಮ ಫೋನ್ ಮಾಡಿ "ನಿನಗೇನಾದ್ರೂ ಹೇಳಿದ್ನೇನೇ?" ಅಂದಳು. "ಇಲ್ಲಮ್ಮ" ಅಂದೆ. ಒಂದರ ಮೇಲೆ ಇನ್ನೊಂದು ಸುಳ್ಳು. ಸತತ ಐದು ಊಟ ತಪ್ಪಿದರೆ ಮನೆ ಕೈತಪ್ಪುತ್ತದೆ, ಅದು ನಿಯಮ. ಮನೆ ತಪ್ಪಿದವರಲ್ಲಿ ಎಷ್ಟು ಜನ ಮತ್ತೆ ಒಳಗೆ ಹೋಗುತ್ತಾರೆ ಅಂತ ನಮಗೆ ಫಸ್ಟ್ ಇಯರಿನಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ನಾಡಿದ್ದು ಐದನೆಯದು.

ನಿಮ್ಮ ರಿಜಿಸ್ಟರಿನ ಪ್ರತಿ ನಮ್ಮ ಲೈಬ್ರರಿಯಲ್ಲಿದೆ. ಹದಿನೇಳನೇ ಸಾಲಿನಲ್ಲಿ, ಊಟದ ಮನೆ ಸಿಕ್ಕ ಮೂವತ್ತು ಜನರಲ್ಲಿ ಒಬ್ಬನ ಬಗ್ಗೆ, ನೀವು ಬರೆದಿದ್ದೀರಿ: "ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದು ಉಂಡ." ಅಷ್ಟೇ. ನಡುವೆ ಏನಾಯಿತು ಅಂತ ಒಂದಕ್ಷರವಿಲ್ಲ. ಕರೆಯಲು ಹೋದವರು ಯಾರು? ಏನಂದರು? ಆ ಮನೆಯಲ್ಲೂ ನನ್ನಂಥವಳೊಬ್ಬಳು ಬಾಗಿಲಿಗೆ ಅಡ್ಡ ನಿಂತಿದ್ದಳೇ? ನಾನು ಮೊದಲು ಅಮ್ಮನಿಗೆ ನಿಜ ಹೇಳಲೇ, ಬಸ್ ಸ್ಟ್ಯಾಂಡಿಗೆ ಹೋಗಲೇ? ಅವರು ಮತ್ತೆ ಬಂದು ಕೂತು, ಅಮ್ಮ ಆ ಸೊಟ್ಟ ತಟ್ಟೆಗೆ ಬಡಿಸಿದರೆ ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ, ಗ್ಯಾರಂಟಿ. ಉರಿಯಲಿ. ಬಂದು ಕೂತರೆ ಸಾಕು.

ನೀವು ಆ ಸಾಲು ಬರೆದ ಮರುದಿನವೇ ಈ ಕಾಗದ ನಿಮ್ಮ ಕೈ ಸೇರುತ್ತದೆ. ನಾಲ್ಕನೇ ಬ್ಯಾರಕ್ಕಿನ ಕಿಟಕಿಯ ಕೆಳಗೆ ಒಂದು ಚಪ್ಪಡಿ ಅಲ್ಲಾಡುತ್ತದೆ, ಉತ್ತರವನ್ನು ಅದರಡಿ ಇಡಿ. ನನ್ನ ಮಂಚ ಅದರ ಪಕ್ಕದಲ್ಲೇ ಇದೆ. ನಾಳೆ ತಿಂಡಿಗೆ ಮುಂಚೆ ಎತ್ತಿ ನೋಡುತ್ತೇನೆ. ದಯವಿಟ್ಟು ಬೇಗ ಬರೆಯಿರಿ.

ಇಳಾ