ಒಂದೇ ಸಲ ಕೇಳುವವರ ದ್ವೀಪದಿಂದ

ಫೆಬ್ರವರಿ 30, 2214
ಬೀಜದ್ವೀಪ, ಉತ್ತರ ಸಮುದ್ರ

ಪೂಜ್ಯ ದಾಕ್ಷಾಯಿಣಿಯವರಿಗೆ,

ನಿಮ್ಮ ಐದನೆಯ ತಲೆಮಾರಿನ ಮರುಳಸಿದ್ಧನ ನಮಸ್ಕಾರಗಳು. ನಿಮಗೀಗ ಇಪ್ಪತ್ತನಾಲ್ಕು, ನನಗೆ ಅರವತ್ತೊಂದು. ಯಾರು ಯಾರಿಗೆ ಆಶೀರ್ವಾದ ಮಾಡಬೇಕೆಂಬುದನ್ನು ಆಮೇಲೆ ನೋಡೋಣ. ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳೂ ಸಮಾನ ಎಂದು ಕಾನೂನಾಗಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಅದನ್ನು ಮಾತಾಡುವವರು ಸುತ್ತ ಯಾರೂ ಇಲ್ಲ.

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಓಡುವ ಅಂಚೆಯಲ್ಲಿ. ವರ್ಷಕ್ಕೆ ಒಂದೇ ಹಾಳೆ ಹೋಗುತ್ತದೆ. ಹಳಬರನ್ನು ಎಚ್ಚರಿಸಲೆಂದು ಅದರಲ್ಲಿ ಹವಾಮಾನದ ವರದಿ ಕಳಿಸುತ್ತಾರೆ. ನೀವ್ಯಾರೂ ಓದುತ್ತಿಲ್ಲವೆಂದು ನಮ್ಮ ಸೆಖೆಯೇ ಹೇಳುತ್ತಿದೆ.

ನಮ್ಮ ಗುಬ್ಬಿ ಊರಿನಲ್ಲಿ ಮಕ್ಕಳು ಈಗ ನಿಜಕ್ಕೂ ಗುಬ್ಬಿಯಷ್ಟೇ ತಿನ್ನುತ್ತಿದ್ದಾರೆ. ಬೂದಿಕುತ್ತ ಎಂಬ ರೋಗ ಬಂದು, ರಾಗಿ, ಭತ್ತ, ಜೋಳವೆಲ್ಲ ಮುಟ್ಟಿದರೆ ಪುಡಿಯಾಗುವಂತೆ ಮಾಡಿ ನಲವತ್ತು ವರ್ಷವಾಯಿತು. ಅಂದಿನಿಂದ ಪಾಚಿಮುದ್ದೆ ನುಂಗುತ್ತಾ ಬಂದೆವು. ಕೆರೆಯ ಪಾಚಿಯನ್ನು ಯಂತ್ರದಲ್ಲಿ ಹಿಂಡಿ ಉಂಡೆ ಕಟ್ಟಿದ್ದು, ಬಣ್ಣ ಬಿಟ್ಟರೆ ಉಳಿದದ್ದಕ್ಕೆಲ್ಲ ಹೆಸರಿಲ್ಲ. ಈ ವರ್ಷ ಪಾಚಿಯೂ ಬಿಳಿಚಿಕೊಂಡಿದೆ. ಆರು ವರ್ಷದ ನನ್ನ ಮೊಮ್ಮಗಳು ಇಂಪನಾ ಹೋದ ವಾರ ಫೋನಿನಲ್ಲಿ, "ತಾತ, ಹೊಟ್ಟೆ ಹಸೀತಿಲ್ಲ ಕಣೋ, ನೀನು ನಿಧಾನಕ್ಕೆ ಬಾ" ಅಂದಳು. ಹಸಿವು ನಿಂತ ಮಕ್ಕಳು ಎಷ್ಟು ದಿನ ಇರುತ್ತಾರೆಂದು ಊರಿಗೆಲ್ಲ ಗೊತ್ತು.

ಆ ಮಕ್ಕಳಿಗಾಗಿಯೇ ಈ ವಯಸ್ಸಿನಲ್ಲಿ ಸ್ವಯಂಸೇವಕನಾಗಿ ಇಲ್ಲಿಗೆ ಬಂದೆ. ನೀವು ಈಗ, ಲೋಕದ ಬೀಜಗಳನ್ನೆಲ್ಲ ಕಾಪಿಡುವ ಇದೇ ಉಗ್ರಾಣದಲ್ಲಿ ಚೀಟಿ ಅಂಟಿಸುತ್ತಿದ್ದೀರಿ. ನಿಮ್ಮ ದಿನಚರಿ ನನ್ನ ಬಳಿ ಇದೆ. ಅದರ ಹಾಳೆಗೆ ಅಂಟಿದ್ದ ಒಂದೇ ಒಂದು ಸತ್ತ ರಾಗಿಕಾಳನ್ನು ಪರೀಕ್ಷಿಸಿದ ಬೀಜತಜ್ಞರು, ಬೂದಿಕುತ್ತಕ್ಕೆ ಜಗ್ಗದ ತಳಿ ಇದೊಂದೇ ಎಂದು ತಲೆ ಚಚ್ಚಿಕೊಂಡರು. ನಿಮ್ಮಮ್ಮ ಹಿತ್ತಲಲ್ಲಿ ಬೆಳೆದು, ಮೊಳಕೆ ಕಟ್ಟಿ ಅಂಬಲಿ ಮಾಡಿಕೋ ಎಂದು ನಿಮ್ಮ ಚೀಲಕ್ಕೆ ತುರುಕಿದ ಎರಡು ಸೇರು ರಾಗಿ ಅದು. ಮುಂದಿನ ವರ್ಷ ಆ ಹಿತ್ತಲು ಮದುವೆ ಛತ್ರವಾಗುತ್ತದೆ.

ನಿಮ್ಮ ದಿನಚರಿಯಲ್ಲಿ ಬರುವ ಗುರುವಾರದ ಪುಟ ಹೀಗಿದೆ: "ಉಗ್ರಾಣದ ಸೋಲ್ವೆಗ್, 'ಒಂದು ಖಾನೆ ಖಾಲಿ ಇದೆ, ನಿಮ್ಮೂರಿನ ಬೀಜ ಇಡ್ತೀಯಾ?' ಅಂತ ಕೇಳಿದ್ಲು. 'ಅಯ್ಯೋ, ಪರವಾಗಿಲ್ಲ ಬಿಡಿ' ಅಂದೆ. ಇನ್ನೊಂದ್ಸಲ ಕೇಳ್ತಾಳೆ ಅಂತ ಕಾದೆ. ಕೇಳಲೇ ಇಲ್ಲ. ರಾತ್ರಿ ಅಂಬಲಿ ಚೆನ್ನಾಗಿತ್ತು."

ತಾಯೀ, ನಮ್ಮಲ್ಲಿ ಕಾಫಿಯನ್ನೂ ಮೂರನೆಯ ಬಲವಂತಕ್ಕೇ ಕುಡಿಯುವುದು ಮರ್ಯಾದೆ, ನಿಜ. ಆದರೆ ಈ ದ್ವೀಪದವರು ಬೇಡವೆಂದರೆ ಬೇಡವೆಂದೇ ನಂಬುತ್ತಾರೆ. ಮತ್ತೆ ಕೇಳಿ ನಿಮ್ಮನ್ನು ನೋಯಿಸುವುದಿಲ್ಲ. 'ಪರವಾಗಿಲ್ಲ' ಎಂಬುದು ಯಾರ ಪರವಾಗಿಯೂ ಇಲ್ಲದ ಮಾತು. ನಮ್ಮ ವಂಶದಲ್ಲಿ ಸೇವೆಗೆ ಕೊರತೆಯಿಲ್ಲ, ಹೇಳಿದ ಕೆಲಸ ಮಾಡಿ ಕೈಕಟ್ಟಿ ನಿಲ್ಲುತ್ತೇವೆ. ಇಲ್ಲದ್ದು 'ಸ್ವಯಂ' ಮಾತ್ರ.

ಆಮೇಲಾದರೂ ನೀವು ಮನಸ್ಸು ಬದಲಿಸಿರಬಹುದೆಂಬ ಆಸೆಯಿಂದ, ಬಂದ ದಿನವೇ ಆ ಖಾನೆ ಎಳೆದು ನೋಡಿದೆ. ಏಳನೆಯ ಸಾಲು, ಎಲ್ಲಕ್ಕಿಂತ ಕೆಳಗೆ. ನಿಮ್ಮನ್ನು ಕೇಳುವ ಮೊದಲೇ ಸೋಲ್ವೆಗ್ ಚೀಟಿ ಬರೆದಿಟ್ಟಿದ್ದಳು. ಪೆನ್ಸಿಲ್ಲಿನಲ್ಲಿ ನಿಮ್ಮ ಹೆಸರು, ಒಂದು ಅಕ್ಷರ ತಪ್ಪಾಗಿ, ಇನ್ನೂ ಹಾಗೇ ಇದೆ. ಒಳಗೆ ಏನೂ ಇಲ್ಲ.

ಇಂದು ಹಿಂದಂಚೆಯವಳು, ವರದಿ ಮುಗಿದು ಅರ್ಧ ಹಾಳೆ ಉಳಿಯಿತು, ಬೇಕೇ ಎಂದು ನನ್ನನ್ನು ಕೇಳಿದಳು. ಕಸ ಗುಡಿಸುವವನನ್ನು! ಬಾಯಿ ತಾನಾಗಿ "ಪರವಾ..." ಎಂದು ಶುರುಮಾಡಿತ್ತು. ನಾಲಿಗೆ ಕಚ್ಚಿಕೊಂಡು ಹಾಳೆ ಕಸಿದುಕೊಂಡೆ. ಮರುಳನಾಗಿ ಅರವತ್ತೊಂದು ವರ್ಷ ಕಳೆದವನು ಆ ಕ್ಷಣಕ್ಕೆ ಸಿದ್ಧನಾದೆ.

ಗುರುವಾರ ಅವಳು ಕೇಳುತ್ತಾಳೆ. ಮಾತು ಮುಗಿಯುವ ಮುಂಚೆಯೇ "ಹೂಂ" ಅನ್ನಿ. ಕೇಳದಿದ್ದರೆ ನೀವೇ ಹೋಗಿ ಕೇಳಿ. ರಾಗಿಯನ್ನು ನೆನೆಹಾಕದೆ, ಚೆನ್ನಾಗಿ ಒಣಗಿಸಿ, ಎರಡು ಸೇರನ್ನೂ ಇಡಿ. ಒಂದು ರಾತ್ರಿ ಅಂಬಲಿ ಇಲ್ಲದೆ ಮಲಗಿ.

ಈ ಕಾಗದ ಹೋದ ಕೂಡಲೇ ಆ ಖಾನೆಯ ಮುಂದೆ ಮಂಡಿಯೂರಿ ಕೂರುತ್ತೇನೆ. ಎಳೆಯಲು ಧೈರ್ಯ ಬರುವವರೆಗೆ ಅಲ್ಲೇ ಇರುತ್ತೇನೆ. ಇನ್ನೊಮ್ಮೆ ನೆನಪಿಸೋಣವೆಂದರೆ ಹಾಳೆ ಮುಗಿಯಿತು. ನಾನೂ ಈಗ ಈ ದ್ವೀಪದವನೇ, ಅಜ್ಜಿ. ಒಂದೇ ಸಲ ಕೇಳಬಲ್ಲೆ.

ನಿಮ್ಮವನು,
ಮರುಳಸಿದ್ಧ