ಅಂಟಿಸಿ ಕೊಟ್ಟ ಲಕೋಟೆ

ಕೊಣನೂರು
ಬುಧವಾರ

ಪ್ರಾಂಶುಪಾಲರಿಗೆ,

ನಮಸ್ಕಾರ. ನಾನು ನಿಮ್ಮ ಪಿಯು ಕಾಲೇಜಿನ ಕಬಡ್ಡಿ ತಂಡದ ಮಾನ್ಯಳ ತಾಯಿ. ಕೋಚ್ ಅಮರನಾಥ್ ನನ್ನ ಹದಿನಾರು ವರ್ಷದ ಮಗಳ ಜೊತೆ ಕೆಟ್ಟದಾಗಿ ನಡೆದುಕೊಂಡದ್ದನ್ನು ಬರೆದು, ಲಕೋಟೆ ಅಂಟಿಸಿ, ಹೋದ ಗುರುವಾರ ನಿಮ್ಮ ಕೈಗೇ ಕೊಟ್ಟೆ. "ಪೊಲೀಸ್ರಿಗೆ ನಾವೇ ತಿಳಿಸ್ತೀವಿ ಕಣಮ್ಮ, ನೀವ್ ಯಾರತ್ರಾನೂ ಮಾತಾಡ್ಬೇಡಿ" ಅಂದಿರಿ. ನಾನು ಮಾತಾಡಲಿಲ್ಲ. ಸ್ವೀಕೃತಿಗೆ ಸೀಲ್ ಕೇಳಿದರೆ ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಅಂದಿರಿ. ಆಗ ಬೆಳಿಗ್ಗೆ ಹತ್ತೂವರೆ.

ಶನಿವಾರ ಅಮರನಾಥ್ ನನ್ನ ಮಗಳಿಗೆಂದು ಹೊಸ ಶೂ ಹಿಡಿದು ನಮ್ಮ ಮನೆಗೇ ಬಂದರು. "ಮಂಗಳವಾರ ನಾನ್ ಅರಕಲಗೂಡಲ್ಲಿದ್ದೆ ಕಣಕ್ಕಾ, ಬೇಕಾದ್ರೆ ಯಾರ್ನಾದ್ರೂ ಕೇಳಿ" ಅಂದರು. ನಾನು ಏನನ್ನೂ ಕೇಳಿರಲಿಲ್ಲ.

ಅದು ನಡೆದದ್ದು ಸೋಮವಾರ. ಗಾಬರಿಯಲ್ಲಿ ಮಂಗಳವಾರ ಎಂದು ಬರೆದುಬಿಟ್ಟಿದ್ದೆ. ಆ ತಪ್ಪು ಇದ್ದದ್ದು ನಿಮಗೆ ಕೊಟ್ಟ ಕಾಗದದಲ್ಲಿ ಮಾತ್ರ.

ನಿನ್ನೆ ಠಾಣೆಯಲ್ಲಿ ವಿಚಾರಿಸಿದೆ. ನಿಮ್ಮಿಂದ ಒಂದು ಫೋನೂ ಹೋಗಿಲ್ಲ. ಸರಿಯಾದ ದಿನ ಹಾಕಿ ನಾನೇ ದೂರು ಕೊಟ್ಟಿದ್ದೇನೆ. ಅದರಲ್ಲಿ ನಿಮ್ಮ ಹೆಸರೂ ಇದೆ.

ಶುಕ್ರವಾರ ಚನ್ನರಾಯಪಟ್ಟಣದ ಪಂದ್ಯಕ್ಕೆ ಹುಡುಗಿಯರನ್ನು ಅಮರನಾಥ್ ಜೊತೆ ಕಳಿಸಬೇಡಿ. ಅವರು ತಂದ ಶೂ ಇದರ ಜೊತೆಗಿದೆ, ಅವರಿಗೇ ತಲುಪಿಸಿ.

ಈ ಲಕೋಟೆಯನ್ನು ಅಂಟಿಸಿಲ್ಲ. ಅವರಿಗೂ ತೋರಿಸಿ.

ಇಂತಿ,
ನೀಲಾಂಬಿಕೆ